ಜಡೆಯ ಕೆಂಪಪ್ಪನಿಗೆ ಒಂದು ಕೋಲು

ಸೊರಬ
೧೨–೧–೧೯೫೭

ಜಟ್ಟಣ್ಣನಿಗೆ ಉಜ್ಜಪ್ಪನ ನಮಸ್ಕಾರ.

ಈ ಕಾಗದದ ಹಿಂದೆಯೇ ಒಂದು ಗಂಟು ಬರುತ್ತದೆ. ಕಂಡಕ್ಟರ್ ಬಂಗಾರಪ್ಪ ಅದನ್ನು ಶಿರಾಳಕೊಪ್ಪದ ಉಚ್ಚಂಗಪ್ಪನ ಅಂಗಡಿಯಲ್ಲಿ ಇಳಿಸಿರುತ್ತಾನೆ. ಸಂತೆಗೆ ಹೋಗುವವರ ಕೈಲಿ ತರಿಸಿಕೋ. ಬಿಚ್ಚುವಾಗ ಕುಡುಗೋಲು ಹಾಕಬೇಡ ಮಾರಾಯ, ಒಳಗೆ ಗಾಳದ ದಾರ ಸುತ್ತುವ ರೀಲು ಇದೆ!

ಇಲ್ಲಿದ್ದ ರಸ್ತೆ ಇಂಜಿನಿಯರ್ ಸಾಹೇಬರಿಗೆ ಬೆಂಗಳೂರಿಗೆ ವರ್ಗವಾಯಿತು. ಅವರ ನಾಯಿಗೆ ಹುಳ ಬಿದ್ದು ಸಾಯುವ ಹಾಗಿದ್ದಾಗ ನಮ್ಮ ದನದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ನಾನೇ ಗಾಯ ತೊಳೆದಿದ್ದೆ. ಹೊರಡುವ ದಿನ ಕರೆದು, "ಕಾಂಪೌಂಡರೇ, ನಿಮಗೇನು ಕೊಡಲಿ?" ಅಂದರು. ಗೋಡೆಯ ಮೇಲಿದ್ದ ರೀಲು ತೋರಿಸಿದೆ. ನಕ್ಕು ಕೊಟ್ಟುಬಿಟ್ಟರು. ಹಿತ್ತಾಳೆಯದು, ಅಂಗೈಯಗಲ. ದಾರ ಓಡಿದರೆ ಒಳಗೆ ಕಟಕಟ ಅನ್ನುತ್ತದೆ. ಇಪ್ಪತ್ತು ಮಾರು ರೇಷ್ಮೆ ದಾರ ಸುತ್ತಿದೆ.

ನಾನು ಇಟ್ಟುಕೊಂಡರೆ ಅದಕ್ಕೆ ಅವಮಾನ. ಅಪ್ಪ ಕುರಿ ಹೊಡಕೊಂಡು ಊರೂರು ಅಲೆಯುವಾಗ ನನ್ನನ್ನು ಓದಲಿಕ್ಕೆ ನಿಮ್ಮ ಮನೆಯಲ್ಲಿ ಬಿಟ್ಟರಲ್ಲ, ಆಗ ಉಡುತಡಿ ಕೆರೆ ಏರಿಯ ಮೇಲೆ ಗಾಳಕ್ಕೆ ಕಪ್ಪೆ ಸಿಕ್ಕಿಸುವುದನ್ನು ಕಲಿಸಿದವನು ನೀನು. ಅದಕ್ಕೇ ಕಳಿಸುತ್ತಿದ್ದೇನೆ. ಇದಕ್ಕೊಂದು ಕೋಲು ಆರಿಸು. ಬಿದಿರಿನ ವಿಷಯದಲ್ಲಿ ನಿನ್ನಂಥ ಕಣ್ಣು ಯಾರಿಗೂ ಇಲ್ಲ. ಯುಗಾದಿಗೆ ಬರುತ್ತೇನೆ. ನೀರು ಇಳಿದಿರುತ್ತದೆ, ಕುಚ್ಚುಮೀನು ಹಸಿದಿರುತ್ತವೆ. ಅತ್ತಿಗೆಗೆ ಮಸಾಲೆ ಅರೆದಿಡಲು ಹೇಳು.

ನಿನ್ನ ತಮ್ಮ
ಉಜ್ಜಪ್ಪ

ಉಡುತಡಿ
೯–೨–೧೯೫೭

ಉಜ್ಜಪ್ಪನಿಗೆ,

ರೀಲು ಬಂದಿದೆ. ಆಲೆಮನೆ ಕೆಲಸ ನಡೆದಿದೆ, ನನಗೆ ಪುರಸೊತ್ತಿಲ್ಲ. ಮಲ್ಲೇಶಪ್ಪ ಮೇಷ್ಟ್ರ ಹತ್ತಿರ ಹೇಳಿ ಬರೆಸುತ್ತಿದ್ದೇನೆ.

ಸಾಮಾನು ಚೆನ್ನಾಗಿದೆ. ನಮ್ಮ ಕೆರೆಗೆ ಆಗುವಂಥದಲ್ಲ. ತೂಕ ಜಾಸ್ತಿ. ಇದನ್ನು ಕಟ್ಟಬೇಕಾದರೆ ಬುಡ ದಪ್ಪ, ತುದಿ ಬಳುಕುವ ಕೋಲು ಬೇಕು, ಗಿಣ್ಣು ಹತ್ತಿರ ಹತ್ತಿರ ಇರಬೇಕು. ಅಂಥದು ಈ ವರ್ಷ ಸಿಕ್ಕಿಲ್ಲ.

ಯುಗಾದಿಗೆ ಬರಬೇಡ. ಮನೆಯಲ್ಲಿ ಅನುಕೂಲ ಇಲ್ಲ.

ಜಟ್ಟಪ್ಪ

ಸೊರಬ
೧೮–೨–೧೯೫೭

ಜಟ್ಟಣ್ಣ,

ಮೇಷ್ಟ್ರ ಅಕ್ಷರ ಮುತ್ತಿನ ಹಾಗಿದೆ, ಮಾತು ಮಾತ್ರ ನಿನ್ನದಲ್ಲ. ಎರಡು ಸಲ ಓದಿದೆ. ನನ್ನ ಮೇಲೆ ಸಿಟ್ಟಾಗಿದ್ದೀಯ. ಯಾಕೆ ಅಂತಲೂ ಗೊತ್ತು. ದೀಪಾವಳಿಗೆ ಬಂದಾಗ ನಿನ್ನ ಹಳೆ ಕೋಲನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ಮುರಿದೆನಲ್ಲ. ಹನ್ನೆರಡು ವರ್ಷ ಅಟ್ಟದ ಹೊಗೆ ಕುಡಿದ ಕೋಲು. ಆವತ್ತು ನೀನು "ಹೋಗಲಿ ಬಿಡೋ" ಅಂದೆ. ಒಳಗೊಳಗೇ ನೊಂದಿರಬೇಕು. ತಪ್ಪಾಯಿತು.

ರೀಲಿನ ಮೇಲೆ ಆ ಸಿಟ್ಟು ಬೇಡ. ಇಂಜಿನಿಯರರು ಹೇಳಿದ್ದನ್ನು ಬರೆಯುತ್ತೇನೆ. ಕೆರೆಯಿಂದ ಬಂದ ತಕ್ಷಣ ದಾರವನ್ನೆಲ್ಲ ಬಿಚ್ಚಿ ನೆರಳಲ್ಲಿ ಒಣಗಿಸಬೇಕು. ಒದ್ದೆ ಸುತ್ತಿಟ್ಟರೆ ರೇಷ್ಮೆ ಒಂದೇ ಮಳೆಗಾಲದಲ್ಲಿ ಕೊಳೆಯುತ್ತದೆ. ನಡುವಿನ ತಿರುಪು ಬಿಚ್ಚಿದರೆ ಗಾಲಿ ಹೊರಗೆ ಬರುತ್ತದೆ. ಮರಳಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ತೊಟ್ಟು ಬಿಡಬೇಕು. ಕೊಬ್ಬರಿ ಎಣ್ಣೆ ಹಾಕಬೇಡ, ಚಳಿಗೆ ಗಟ್ಟಿಯಾಗಿ ಗಾಲಿ ಹಿಡಿದುಕೊಳ್ಳುತ್ತದೆ. ಎಣ್ಣೆಯ ಸೀಸೆ ಗಂಟಿನಲ್ಲೇ ಇದೆ, ನೋಡಿದೆಯಾ?

ಒಂದು ಸಾಲಾದರೂ ನಿನ್ನ ಕೈಯಲ್ಲೇ ಬರಿ.

ಉಜ್ಜಪ್ಪ

ಸೊರಬ
೯–೪–೧೯೫೭

ಜಟ್ಟಪ್ಪನವರಿಗೆ,

ಯುಗಾದಿ ಕಳೆದು ಎಂಟು ದಿನವಾಯಿತು. ನೀನು ಬರಬೇಡ ಅಂದೆ, ನಾನು ಬರಲಿಲ್ಲ. ನಿನ್ನೆ ಬಂಗಾರಪ್ಪ ಗಂಟು ತಂದು ಆಸ್ಪತ್ರೆಯ ಮೇಜಿನ ಮೇಲಿಟ್ಟ. ಅದೇ ಬಟ್ಟೆ, ಅದೇ ರೀಲು. ಒಂದು ಚೀಟಿಯೂ ಇಲ್ಲ.

ಬಿಚ್ಚಿ ನೋಡಿದೆ. ಒಳಗೆಲ್ಲ ಕೆಸರು, ಮರಳು. ಅಂಚು ಒಂದು ಕಡೆ ನಗ್ಗಿದೆ. ದಾರ ಹಸಿಯಲ್ಲೇ ಗಂಟುಗಂಟಾಗಿ ಸುತ್ತಿಕೊಂಡು ವಾಸನೆ ಹೊಡೆಯುತ್ತಿದೆ. ಅಂದರೆ ನೀನು ಕೆರೆಗೆ ಒಯ್ದಿದ್ದೀಯ, ಕಲ್ಲಿನ ಮೇಲೆ ಬೀಳಿಸಿದ್ದೀಯ, ಒರೆಸದೆ ವಾಪಸು ಕಳಿಸಿದ್ದೀಯ. ಒದ್ದೆ ಗಾಳವನ್ನು ಒರೆಸದೆ ಇಟ್ಟೆ ಅಂತ ನನಗೆ ಒಂದು ಹೊತ್ತು ಊಟ ತಪ್ಪಿಸಿದವನು ನೀನು.

ಬೇಡದಿದ್ದರೆ ಬೇಡ ಅನ್ನಬಹುದಿತ್ತು. ಮುರಿದ ಕೋಲಿಗೆ ಇಷ್ಟು ಶಿಕ್ಷೆ ಬೇಕಿರಲಿಲ್ಲ. ಇನ್ನು ಬರೆದು ತೊಂದರೆ ಕೊಡುವುದಿಲ್ಲ.

ಉಜ್ಜಪ್ಪ

ಉಡುತಡಿ
೧೭–೪–೧೯೫೭

ಉಜ್ಜಪ್ಪನವರಿಗೆ ಜಟ್ಟಪ್ಪನವರ ಹೆಂಡತಿ ದ್ಯಾಮಮ್ಮ ಹೇಳಿ ಬರೆಸುವುದು. ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. — ಮಲ್ಲೇಶಪ್ಪ, ಉಪಾಧ್ಯಾಯ.

ನಿಮ್ಮ ಕಾಗದ ಮೇಷ್ಟ್ರು ನಂಗೂ ತಿಳೀಲಿ ಅಂತ ಓದಿ ಹೇಳಿದ್ರು. ನಮ್ಮನೆಯವ್ರು ಕೇಳಿಸ್ಕೊಂಡು ಎದ್ದು ಹೊಲಕ್ಕೆ ಹೋದ್ರು. ನಂಗೆ ತಡಕೊಳ್ಳಾಕೆ ಆಗ್ಲಿಲ್ಲ, ಅದಕ್ಕೇ ಬರೆಸ್ತಿದೀನಿ. ಇದು ಅವರಿಗೆ ತಿಳೀಬಾರ್ದು.

ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇತ್ತು. ಆಲೆಗೆ ಕಬ್ಬು ಕೊಡ್ತಾ ಇದ್ರು. ಒಂದು ಕಬ್ಬು ಅಡ್ಡ ಸಿಕ್ಕಿತು ಅಂತ ತಳ್ಳಾಕೆ ಹೋದ್ರು, ಬಲಗೈ ಒಳಗೆ ಹೋತು. ನಾನು ಓಡಿ ಎತ್ತು ಹಿಡಿಯೋವಷ್ಟರಲ್ಲಿ ಎಲ್ಲಾ ಆಗಿಹೋಗಿತ್ತು. ಶಿವಮೊಗ್ಗದ ಆಸ್ಪತ್ರೇಲಿ ಮಣಿಕಟ್ಟಿನತನಕ ತೆಗದ್ರು. ನೀವು ಕಳಿಸಿದ ರೀಲು ಬಂದಾಗ ಅವರು ಆಸ್ಪತ್ರೇಲೇ ಇದ್ರು.

"ಉಜ್ಜಪ್ಪಂಗೆ ತಿಳಿಸ್ಬ್ಯಾಡ, ಅವನು ನನ್ನ ಕೈ ನೋಡಿ ಬೆಳೆದೋನು" ಅಂದ್ರು. ಅಟ್ಟದ ಮೇಲಿನ ಕೋಲೆಲ್ಲಾ ಇಳಿಸಿ ಹೀರೆ ಬಳ್ಳಿಗೆ ಊರಿಬಿಟ್ರು. ಯುಗಾದಿ ಮುಂಚೆ ಒಂದಿನ ಯಾರಿಗೂ ಹೇಳ್ದೆ ಬಳ್ಳೀಲಿದ್ದ ಒಂದು ಕೋಲು ಕಿತ್ಕೊಂಡು, ರೀಲು ಕಟ್ಕೊಂಡು ಕೆರೆಗೆ ಹೋದ್ರು. ಬಟ್ಟೆಯೆಲ್ಲಾ ಕೆಸರು ಮಾಡ್ಕೊಂಡು ಬಂದ್ರು. ಮಾರನೇ ದಿನ ರೀಲು ವಾಪಸು ಕಳಿಸಿದ್ರು.

ಬೇಕಂತ ಹಾಳು ಮಾಡಿದ್ದಲ್ಲ ಉಜ್ಜಪ್ಪನವ್ರೇ. ಒರೆಸಾಕೆ ಆಗಿಲ್ಲ ಅಷ್ಟೇ. ಓಡಿ ಬಂದು ಅವರ ಮುಂದೆ ಕಣ್ಣೀರು ಹಾಕಬ್ಯಾಡ್ರಿ, ಅದೊಂದನ್ನ ಅವರು ತಡಕೊಳ್ಳಲ್ಲ. ನಿಮಗೆ ಬೇರೆ ಏನು ತೋಚ್ತದೋ ಮಾಡ್ರಿ.

ಸೊರಬ
೨೬–೪–೧೯೫೭

ಜಟ್ಟಣ್ಣ,

ಹೋದ ಕಾಗದದಲ್ಲಿ ಏನೇನೋ ಬರೆದೆ. ಅದನ್ನು ಒಲೆಗೆ ಹಾಕು. ರೀಲು ತೊಳೆದು ಎಣ್ಣೆ ಬಿಟ್ಟಿದ್ದೇನೆ, ಮಗುವಿನ ಗಿರಿಗಟ್ಟಳೆಯ ಹಾಗೆ ತಿರುಗುತ್ತದೆ. ನಗ್ಗಿದ್ದನ್ನು ಮರದ ಕೊಡತಿಯಲ್ಲಿ ತಟ್ಟಿ ಸರಿ ಮಾಡಿದೆ.

ಈಗ ಬರೆಯುವ ಕಾರಣ ಬೇರೆ. ಜಡೆಯಲ್ಲಿ ಕೆಂಪಪ್ಪ ಅಂತ ಒಬ್ಬನಿದ್ದಾನೆ, ಎಮ್ಮೆ ತೋರಿಸಲು ನಮ್ಮಲ್ಲಿಗೆ ಬರುತ್ತಾನೆ. ಅವನಿಗೆ ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇಲ್ಲ. ಗಾಳ ಹಾಕುವ ಹುಚ್ಚು ಮಾತ್ರ ಬಿಟ್ಟಿಲ್ಲ. "ನನಗೆ ಎಂಥ ಕೋಲು ಆದೀತು, ರೀಲು ಎತ್ತ ಕಟ್ಟಬೇಕು?" ಅಂತ ನನ್ನನ್ನು ಕೇಳಿದ. ನನಗೆ ಏನು ಗೊತ್ತು? ಹಸುವಿಗೆ ಔಷಧ ಕುಡಿಸುವವನು. ಉಡುತಡಿಯಲ್ಲಿ ನಮ್ಮ ಅಣ್ಣ ಇದ್ದಾನೆ, ಕೇಳಿ ಹೇಳುತ್ತೇನೆ ಅಂದೆ.

ಯೋಚನೆ ಮಾಡಿ ತಿಳಿಸು. ಅವಸರವಿಲ್ಲ.

ಉಜ್ಜಪ್ಪ

ಉಡುತಡಿ
೧೪–೫–೧೯೫೭

ಉಜ್ಜಪ್ಪ,

ಇದು ನನ್ನ ಅಕ್ಷರ. ಎಡಗೈದು. ಓದಾಕೆ ಬರದಿದ್ದರೆ ಬಿಡು.

ಜಡೆ ಕೆಂಪಪ್ಪಂಗೆ ಹೇಳು, ಮನೇಲಿ ಕೂತ್ಕೊ ಅಂತ. ಒಂದು ಕೈಯೋನಿಗೆ ಗಾಳ ಯಾಕೆ. ಒಂದು ಕೈಲಿ ಕೋಲು ಹಿಡದರೆ ರೀಲು ಸುತ್ತೋರು ಯಾರು. ರೀಲು ಹಿಡದರೆ ಕೋಲು ಕೆರೆಗೆ ಬೀಳ್ತದೆ. ಬೀಳ್ತದೆ ಅಂತ ನಂಗೆ ಗೊತ್ತು.

ಮೂರು ದಿನ ಬಿಟ್ಟು ಬರೀತಿದೀನಿ.

ಕೋಲು ಕೈಯಿಂದ ಹಿಡಿಯೋದು ಬಿಡ್ಬೇಕು. ಬುಡ ಒಂದು ಮೊಳ ಉದ್ದ ಬಿಟ್ಟು ಮೊಣಕೈತನಕ ತೋಳಿಗೆ ಒರಗಬೇಕು. ಚರ್ಮದ ಪಟ್ಟಿ ಎರಡು ಕಡೆ ಬಿಗೀಬೇಕು. ತೋಳೇ ಕೋಲಿನ ಬುಡ ಆಗ್ಬೇಕು. ಆಗ ಎಡಗೈ ಬಿಡುವಾಗ್ತದೆ.

ಕೋಲು ಹಗುರ ಇರ್ಲಿ. ಎಂಟು ಅಡಿ ಸಾಕು. ಹಸಿ ಬಿದಿರು ಬ್ಯಾಡ, ಎರಡು ವರ್ಷ ಹೊಗೇಲಿ ಒಣಗಿದ್ದು. ಕಿವಿ ಹತ್ರ ಇಟ್ಟು ಉಗುರಲ್ಲಿ ಬಡಿದು ನೋಡು, ಟಣ್ ಅಂದ್ರೆ ತಗೋ, ಬೊದ್ ಅಂದ್ರೆ ಹುಳ ಹೊಡದೈತೆ. ಗೋಡೆಗೆ ಒರಗಿಸಿ ಇಡಬ್ಯಾಡ, ಬಾಗ್ತದೆ. ತುದಿಗೆ ದಾರ ಕಟ್ಟಿ ತೂಗುಹಾಕು.

ರೀಲು ಹಿಂದುಮುಂದಾಗಿ ಕಟ್ಟಿ, ಹಿಡಿ ಎಡಕ್ಕೆ ಬರಲಿ. ದಾರ ಮೊದಲಿಂದ ತಿರುಗಿಸಿ ಸುತ್ತು. ಒಳಗೆ ಕಟಕಟ ಅನ್ನೋ ನಾಲಗೆ ಒಂದೇ ಕಡೆ ಹಿಡೀತದೆ, ಅದನ್ನೂ ತಿರುಗಿಸ್ಬೇಕು.

ಬೆರಳು ನೋಯ್ತದೆ. ಸಾಕು.

ಜಟ್ಟಪ್ಪ

ಸೊರಬ
೬–೬–೧೯೫೭

ಜಟ್ಟಣ್ಣ,

ಅಕ್ಷರ ಓದಲು ಬಂತು. ಪ್ರತಿಯೊಂದೂ.

ನೀನು ಹೇಳಿದಂತೆಯೇ ಮಾಡಿಸಿದೆ. ಶಿರಾಳಕೊಪ್ಪದಲ್ಲಿ ಗಡಿಯಾರ ರಿಪೇರಿಯವನು ಆ ನಾಲಗೆ ತಿರುಗಿಸಿಕೊಟ್ಟ. ಚಪ್ಪಲಿ ಹೊಲಿಯುವ ಕಲ್ಲಪ್ಪ ಚರ್ಮದ ಪಟ್ಟಿ ಹೊಲಿದ, ಒಳಗೆ ಕುರಿ ಉಣ್ಣೆಯ ಮೆತ್ತೆ ಇಟ್ಟಿದ್ದಾನೆ. ಕೋಲಿಗಾಗಿ ಹನ್ನೊಂದು ಮನೆಯ ಅಟ್ಟ ಹತ್ತಿದೆ. ಪ್ರತಿ ಕೋಲಿಗೂ ಕಿವಿ ಕೊಟ್ಟು ಬಡಿದೆ. ಜನ ಕಾಂಪೌಂಡರಿಗೆ ಏನಾಗಿದೆ ಅಂದುಕೊಂಡರು. ಕೊನೆಗೆ ಒಂದು "ಟಣ್" ಅಂದಿತು.

ಆದರೆ ಕೆಂಪಪ್ಪ ಕೈಕೊಟ್ಟ. ಮಾವನ ಮನೆಗೆ ಹೋದವನು ಗದ್ದೆ ನಾಟಿ ಮುಗಿಯುವವರೆಗೆ ಬರುವುದಿಲ್ಲವಂತೆ. ಇದು ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಲ್ಲ, ಕಳಿಸಿದ್ದೇನೆ. ಅವನ ಪರವಾಗಿ ನೀನೇ ಒಂದು ಸಲ ನೋಡಿ ಹೇಳು. ಈ ಸಲ ನೈಲಾನ್ ದಾರ ಸುತ್ತಿದ್ದೇನೆ, ಒಣಗಿಸುವ ರಗಳೆ ಇಲ್ಲ.

ಇಲ್ಲಿ ವಿಶೇಷವೇನೂ ಇಲ್ಲ. ಮಳೆ ಹಿಡಿದಿದೆ.

ಉಜ್ಜಪ್ಪ

ಉಡುತಡಿ
೨–೭–೧೯೫೭

ತಮ್ಮಾ ಉಜ್ಜಪ್ಪ,

ಕೆಂಪಪ್ಪ ಅಂತ ಜಡೇಲಿ ಯಾರೂ ಇಲ್ಲ. ಕಾಗದ ಓದಿದ ದಿನವೇ ಗೊತ್ತಾಯ್ತು. ಮೇಷ್ಟ್ರು ನನ್ನ ಕಂಡು ದಾರಿ ಬದಲಿಸಿದ್ರು, ದ್ಯಾಮಿ ಅವತ್ತು ಕೇಳದಿದ್ದರೂ ಪಾಯಸ ಮಾಡಿದ್ಲು. ನಾನು ಸುಮ್ಮನಿದ್ದೆ. ಕೆಂಪಪ್ಪನ ಕೈ ವಿಷಯ ಬರಿಯೋದು ನನ್ನ ಕೈ ವಿಷಯ ಬರಿಯೋದಕ್ಕಿಂತ ಸುಲಭ ಇತ್ತು.

ಈಗ ಕೇಳು. ನಿನ್ನ ಪಟ್ಟಿಗೆ ಬಕ್ಕಲ್ ಇಟ್ಟಿದ್ದೀಯಲ್ಲೋ, ಅದನ್ನ ಹಾಕಾಕೆ ಎರಡು ಕೈ ಬೇಕು! ಮೊದಲ ದಿನ ನಕ್ಕುಬಿಟ್ಟೆ. ಆಮೇಲೆ ಅದನ್ನ ಕಿತ್ತು ತೊಗಲಿನ ಕುಣಿಕೆ ಮಾಡ್ದೆ. ಹಲ್ಲಲ್ಲಿ ಎಳೆದ್ರೆ ಬಿಗಿ ಆಗ್ತದೆ. ಉಣ್ಣೆ ಮೆತ್ತೆ ಒಳ್ಳೇದು. ಗಾಯದ ತುದಿಗೆ ಏನು ತಾಗಿದ್ರೂ ಇಲ್ಲದ ಬೆರಳು ನೋಯ್ತವೆ. ಅದು ತಾಗಿದ್ರೆ ನೋಯಲಿಲ್ಲ.

ಐದು ದಿನ ದಾರ ಎಸೆಯೋದೇ ಬರಲಿಲ್ಲ. ನೈಲಾನು ಹಕ್ಕಿ ಗೂಡಿನ ಹಾಗೆ ಸಿಕ್ಕಾಗೋದು. ಬಿಡಿಸೋದು ದ್ಯಾಮಿ. ಅವಳು ಏರಿ ಮೇಲೆ ಕೂತು ಕೌದಿ ಹೊಲಿಯೋಳ ಹಾಗೆ ಒಂದೊಂದೇ ಬಿಡಿಸಿದ್ಲು, ಒಂದಿನವೂ ಸಾಕು ಅನ್ನಲಿಲ್ಲ. ಆರನೇ ದಿನ ಗಾಲಿ ಅಂಚಿನ ಮೇಲೆ ಎಡಗೈ ಬೆರಳು ಹಗುರಕ್ಕೆ ಇಟ್ಟು, ಕಪ್ಪೆ ನೀರಿಗೆ ಬೀಳೋ ಹೊತ್ತಿಗೆ ಒತ್ತಿ ನಿಲ್ಲಿಸೋದು ತಿಳೀತು. ಆಮೇಲೆ ಸಿಕ್ಕು ಆಗಲಿಲ್ಲ.

ಹೋದ ಗುರುವಾರ ಆಪಿನ ಹುಲ್ಲಿನ ಬುಡದಲ್ಲಿ ಕುಚ್ಚು ಹಿಡೀತು. ಕಟಕಟ ಅಂತ ಏನು ಓಡ್ತು ಗೊತ್ತಾ! ಕೋಲು ತೋಳಿಗೆ ಬಿಗಿದಿತ್ತಲ್ಲ, ಮೀನು ಎಳೆದ್ರೆ ಭುಜದ ತನಕ ನಡುಗಿತು. ಎಡಗೈಲಿ ಸುತ್ತಿದೆ. ಕೆಸರಲ್ಲಿ ಕಾಲು ಜಾರಿ ಮಂಡಿ ಊರಿದೆ. "ನೀರಿಗೆ ಹೋಗ್ತೀರ್ರೀ!" ಅಂತ ಕಿರುಚಿ ದ್ಯಾಮಿ ಹಿಂದಿಂದ ನನ್ನ ಸೊಂಟ ಹಿಡಕೊಂಡ್ಲು. ಇಬ್ಬರೂ ಕೆಸರಲ್ಲಿ ಕೂತ್ವಿ. ಮೀನು ದಡಕ್ಕೆ ಬಂದು ನಮ್ಮ ಪಕ್ಕ ಬಿದ್ದಿತ್ತು. ಅವಳು ನಗಾಕೆ ಶುರು ಮಾಡಿದೋಳು ನಿಲ್ಲಿಸಲೇ ಇಲ್ಲ. ಆಮೇಲೆ ನೋಡಿದ್ರೆ ಅಳ್ತಿದ್ಲು.

ನಿಂಗೆ ಯಾಕೆ ಮುಚ್ಚಿಟ್ಟೆ ಅಂತ ನಂಗೇ ಸರಿಯಾಗಿ ಗೊತ್ತಿಲ್ಲ. ಆಲೆಗೆ ಕೈ ಹೋದಾಗ ಅಷ್ಟು ನೋಯಲಿಲ್ಲ. ಎಡಗೈಲಿ ಉಣ್ಣೋದನ್ನ ಯಾರೂ ನೋಡಬಾರ್ದು ಅಂತ ಅಡಿಗೆಮನೆ ಬಾಗಿಲು ಹಾಕ್ಕೊಂಡು ಒಬ್ಬನೇ ಉಣ್ತಿದ್ದೆ, ಅದು ನೋಯ್ತಿತ್ತು. ಗುರುವಾರ ಪಡಸಾಲೇಲಿ ಕೂತು ಎಲ್ಲರ ಜತೆ ಮೀನುಸಾರು ಉಂಡೆ. ಯಾರೂ ಏನೂ ಅನ್ನಲಿಲ್ಲ. ನಮ್ಮವ್ವ ಮುಳ್ಳು ಬಿಡಿಸಿ ತಟ್ಟೆಗೆ ಹಾಕಿದ್ಲು, ಅಷ್ಟೇ.

ಬಂದು ಹೋಗು.

ನಿನ್ನ ಅಣ್ಣ
ಜಟ್ಟಪ್ಪ

ಸೊರಬ
೧೦–೭–೧೯೫೭

ಜಟ್ಟಣ್ಣ,

ನಿನ್ನ ಕಾಗದವನ್ನು ಆಸ್ಪತ್ರೆಯ ಹಿಂದೆ ದನ ಕಟ್ಟುವ ಕಡೆ ನಿಂತು ಓದಿದೆ. ಡಾಕ್ಟರರು ಕೂಗಿದರೂ ಹೋಗಲಿಲ್ಲ. ಆ ಬಕ್ಕಲಿನ ಬುದ್ಧಿಗೆ ಏನೆನ್ನಲಿ, ನನಗೆ ಹೊಳೆಯಲೇ ಇಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಮೇ ತಿಂಗಳಲ್ಲೇ ನನಗೆ ವರ್ಗದ ಆರ್ಡರ್ ಬಂತು. ಯಾದಗಿರಿಗೆ. ಹೊಸ ರಾಜ್ಯ ಆದಮೇಲೆ ಇಲ್ಲಿಯವರನ್ನು ಅಲ್ಲಿಗೆ, ಅಲ್ಲಿಯವರನ್ನು ಇಲ್ಲಿಗೆ ಹಾಕುತ್ತಿದ್ದಾರೆ. ಡಾಕ್ಟರರ ಕೈಕಾಲು ಹಿಡಿದು ಎರಡು ತಿಂಗಳು ಮುಂದೂಡಿಸಿಕೊಂಡೆ. ನೀನು ಕೋಲು ಹಿಡಿಯುವವರೆಗೆ ಹೇಳಬಾರದು ಅಂದುಕೊಂಡಿದ್ದೆ. ಇನ್ನು ಆಗುವುದಿಲ್ಲ. ಇಪ್ಪತ್ತೆರಡಕ್ಕೆ ಹೊರಡಬೇಕು.

ಇಪ್ಪತ್ತೊಂದು ಭಾನುವಾರ. ಮೊದಲ ಬಸ್ಸಿಗೆ ಬರುತ್ತೇನೆ. ಅಳುವುದಿಲ್ಲ ಅಂತ ಅತ್ತಿಗೆಗೆ ಹೇಳು.

ಉಜ್ಜಪ್ಪ

ಉಡುತಡಿ
೧೮–೮–೧೯೫೭

ತಮ್ಮಾ ಉಜ್ಜಪ್ಪ,

ಯಾದಗಿರಿಯಿಂದ ನೀನು ಬರೆದ ಕಾರ್ಡು ಸಿಕ್ಕಿತು. ಬಿಸಿಲು ಅಂತ ಬರೆದಿದ್ದೀಯ, ಊಟ ಏನು ಮಾಡ್ತೀಯ ಅಂತ ಬರೆದಿಲ್ಲ. ದ್ಯಾಮಿ ಕೇಳ್ತಾಳೆ.

ಎರಡು ತಿಂಗಳು ಆರ್ಡರು ಕಿಸೆಯಲ್ಲಿ ಇಟ್ಟುಕೊಂಡು "ವಿಶೇಷವೇನೂ ಇಲ್ಲ" ಅಂತ ಬರೆದೆಯಲ್ಲ, ಬಯ್ಯೋಣ ಅಂತ ಕೂತೆ. ನಾನೂ ನಾಲ್ಕು ತಿಂಗಳು ಮುಚ್ಚಿಟ್ಟೋನೇ. ಹೋಗಲಿ.

ಆ ಭಾನುವಾರ ನೀನು ಗಾಳ ಹಾಕಲೇ ಇಲ್ಲ. ನನ್ನ ತೋಳನ್ನೇ ನೋಡ್ತಾ ಕೂತಿದ್ದೆ. ನಂಗೆ ಸಿಟ್ಟು ಬಂದು "ಕೆರೆ ನೋಡೋ, ನನ್ನ ಯಾಕೆ ನೋಡ್ತೀಯ" ಅಂದೆ. ಆಗ ನೀರಲ್ಲಿ ಕುಚ್ಚುಮೀನಿನ ಕೆಂಪು ಮರಿಗಳ ಹಿಂಡು ಎದ್ದಿತು, ಕುಂಕುಮ ಚೆಲ್ಲಿದ ಹಾಗೆ. ಅದರ ಕೆಳಗೆ ಗಂಡು ಹೆಣ್ಣು ಎರಡೂ ಕಾಯ್ತಿದ್ವು. ಗಾಳ ಬಿಟ್ಟಿದ್ರೆ ತಕ್ಷಣ ಹಿಡಿತಿದ್ವು, ಮರಿ ಕಾಯೋ ಮೀನಿಗೆ ಎದುರಿಗೆ ಏನು ಬಂದರೂ ಕಚ್ಚೋದೇ. ನೀನು ನನ್ನ ಮುಖ ನೋಡಿದೆ. ನಾನು ದಾರ ಸುತ್ತಿಕೊಂಡೆ. ಆಮೇಲೆ ಇಬ್ಬರೂ ಸುಮ್ಮನೆ ಮರಿ ನೋಡ್ತಾ ಕೂತ್ವಿ, ದ್ಯಾಮಿ ರೊಟ್ಟಿ ತರೋತನಕ. ನಂಗೆ ಅಷ್ಟು ಸಮಾಧಾನದ ಹೊತ್ತು ಈ ವರ್ಷ ಬೇರೆ ಸಿಕ್ಕಿಲ್ಲ.

ನಿಮ್ಮಲ್ಲಿ ಭೀಮಾ ಹೊಳೆ ಇದೆಯಂತೆ. ಹೊಳೆ ಮೀನಿಗೆ ನಮ್ಮ ಕೆರೆ ಕೋಲು ಸಾಲದು. ಹತ್ತು ಅಡಿಯ ಗಟ್ಟಿ ಬಿದಿರು ಒಂದು ಕಡಿದು ಹೊಗೆಗೆ ಹಾಕಿದ್ದೀನಿ. ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ನೀನು ಒಂದು ಸಲವಾದ್ರೂ ಬರಬೇಕು, ಬಿದಿರಿಗಾಗಿ ಅಲ್ಲ.

ಇನ್ನೊಂದು ವಿಷಯ. ನಿನ್ನನ್ನ ಬಸ್ಸು ಹತ್ತಿಸಾಕೆ ಬಂದಾಗ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನೀನು ಅಳೋದಿಲ್ಲ ಅಂತ ಆಚೆ ಕಡೆಯ ಕಿಟಕಿಗೆ ಮುಖ ತಿರುಗಿಸಿದ್ದೆ, ಅದಕ್ಕೇ ನೋಡಿರಲಿಕ್ಕಿಲ್ಲ. ಬಸ್ಸು ಹೊರಟಾಗ ನಾನು ಮರೆತು ಬಲಗೈ ಎತ್ತಿದೆ. ಮುಚ್ಚಿಕೊಂಡಿದ್ದ ಟವಲು ಜಾರಿ ಬಿತ್ತು. ಸಂತೆ ದಿನದಷ್ಟು ಜನ ಇದ್ದರು. ಎಲ್ಲರೂ ತಿರುಗಿ ನೋಡಿದ್ರು. ಕೆಳಗಿಳಿಸೋಣ ಅನ್ನಿಸ್ತು. ದ್ಯಾಮಿ ಬಗ್ಗಿ ಟವಲು ಎತ್ತಿಕೊಂಡ್ಲು, ನನಗೆ ಕೊಡಲಿಲ್ಲ, ತನ್ನ ಹೆಗಲಿಗೆ ಹಾಕಿಕೊಂಡ್ಲು.

ನಿನ್ನ ಬಸ್ಸು ತಿರುವು ದಾಟಿ ಧೂಳು ಇಳಿಯೋವರೆಗೂ ಆ ಕೈ ಮೇಲೇ ಇತ್ತು.

ನಿನ್ನ ಅಣ್ಣ
ಜಟ್ಟಪ್ಪ